ಹಳೇ ಫೋನಿನಲ್ಲಿ ರಾತ್ರಿ ದಾವಣಗೆರೆ: ಮಬ್ಬಿನ ಮೂಲ ಸಿಕ್ಕಿದೆ

ಹಳೇ ಫೋನಿನಲ್ಲಿ ದಾವಣಗೆರೆಯ ರಾತ್ರಿ ಚಿತ್ರಗಳನ್ನು ತೆಗೆಯುವ ಕೆಲಸ ಮಬ್ಬಿನಿಂದಾಗಿ ಸಿಕ್ಕಿಹಾಕಿಕೊಂಡಿತ್ತು, ಆ ಗಂಟು ಈಗ ಬಿಚ್ಚಿದೆ. ಮಂಡಕ್ಕಿ ಭಟ್ಟಿಯೊಳಗೆ ತೆಗೆದ ಪ್ರತಿ ಚಿತ್ರದಲ್ಲೂ ಕಪ್ಪಿರಬೇಕಾದ ಮೂಲೆಗಳು ಬೂದು ಬಣ್ಣಕ್ಕೆ ತಿರುಗುತ್ತಿದ್ದವು, ಆ ಬೂದಿನ ಮೇಲೆ ಕೆಂಪು-ಹಸಿರು ಚುಕ್ಕೆಗಳ ನಾಯ್ಸ್. ಕಾರಣ ಎರಡು: ಕ್ಯಾಮೆರಾದ ಹೊರಗಾಜು, ಮತ್ತು ಆ ಗಾಜಿನಡಿ ಇರಬೇಕಾಗಿದ್ದು ಇಲ್ಲದೇ ಹೋದ ಕಪ್ಪು ಫೋಮಿನ ಉಂಗುರ. ಎರಡೂ ಸೇರಿ ಇನ್ನೂರು ರೂಪಾಯಿ ದಾಟದ ಸಾಮಾನು.

ಫೋನು ಸೆಕೆಂಡ್ ಹ್ಯಾಂಡ್ ಕೊಂಡದ್ದು. 48 ಮೆಗಾಪಿಕ್ಸೆಲ್‌ನ ಐಎಂಎಕ್ಸ್586 ಸೆನ್ಸರ್, ಎಫ್/1.8 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು), ಕೈ ಅಲುಗಿದರೂ ಚಿತ್ರ ಅಲುಗದಂತೆ ಲೆನ್ಸನ್ನು ಸರಿಸುವ ಓಐಎಸ್ ಇಲ್ಲ. 0.8 ಮೈಕ್ರಾನಿನ ನಾಲ್ಕು ಪಿಕ್ಸೆಲ್ ಕೂಡಿ 1.6 ಮೈಕ್ರಾನಿನ ಒಂದು ಪಿಕ್ಸೆಲ್ ಆಗಿ 12 ಮೆಗಾಪಿಕ್ಸೆಲ್ ಚಿತ್ರ ಬರುತ್ತದೆ. 2018ರ ಸೆನ್ಸರ್ ನಿಜ, ಆದರೆ ಸರಿಯಾಗಿ ಬೆಳಕು ತಲುಪಿದರೆ ಇವತ್ತಿಗೂ ರಾತ್ರಿಗೆ ಸಾಲುತ್ತದೆ. ಹಿಂದಿನ ಯಾರದೋ ಕೈಯಲ್ಲಿ ಇದರ ಹೊರಗಾಜು ಒಮ್ಮೆ ಒಡೆದು ಬದಲಾಗಿದೆ. ಅಂಚಿನಲ್ಲಿ ಉಳಿದ ಗಮ್ ಅದನ್ನು ಹೇಳುತ್ತಿತ್ತು.

ಮಾಮೂಲಿ ತಪಾಸಣೆಗಳು ಎಲ್ಲರಿಗೂ ಗೊತ್ತಿರುವಂಥವೇ, ಬೇಗ ಮುಗಿಸುತ್ತೇನೆ. ಕವರ್ ಮತ್ತು ಲೆನ್ಸ್ ಮೇಲೆ ಅಂಟಿಸುವ ಟೆಂಪರ್ಡ್ ಗಾಜು ತೆಗೆದು ನೋಡಬೇಕು. 2ಎಕ್ಸ್ ಒತ್ತಿದಾಗ ನಿಜವಾಗಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸೇ ಕೆಲಸ ಮಾಡುತ್ತಿದೆಯೇ ಎಂದು ಅದರ ಮೇಲೆ ಬೆರಳಿಟ್ಟು ನೋಡಬೇಕು. ಬೆಳಕು ಕಡಿಮೆಯಿದ್ದರೆ ಬಹಳಷ್ಟು ಫೋನುಗಳು ಸದ್ದಿಲ್ಲದೆ ಮುಖ್ಯ ಕ್ಯಾಮೆರಾಕ್ಕೆ ಬದಲಾಗಿ ಅದರದೇ ಚಿತ್ರವನ್ನು ಕತ್ತರಿಸಿ ಕೊಡುತ್ತವೆ. ಓಐಎಸ್ ಇರುವ ಫೋನನ್ನು ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡು ಹೈವೇಯಲ್ಲಿ ಚಿತ್ರದುರ್ಗಕ್ಕೆ ಓಡಾಡುವವರು ಇನ್ನೊಂದು ನೋಡಬೇಕು: ಟ್ರೈಪಾಡ್ ಮೇಲೂ ಚಿತ್ರ ಅಲುಗುತ್ತಿದ್ದರೆ, ಕ್ಯಾಮೆರಾ ತೆರೆದಾಗ ಗುಂಯ್ ಎನ್ನುತ್ತಿದ್ದರೆ ಓಐಎಸ್ ಕೆಟ್ಟಿದೆ. ಬೈಕ್ ಎಂಜಿನ್ನಿನ ಕಂಪನದಿಂದ ಹೀಗಾಗಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಕೊನೆಗೆ ಸೆನ್ಸರಿನ ಪರೀಕ್ಷೆ. ಲೆನ್ಸಿಗೆ ದಪ್ಪ ಕಪ್ಪು ಬಟ್ಟೆ ಸುತ್ತಿ, ಐಎಸ್‌ಒ (ಸಿಗ್ನಲನ್ನು ಹಿಗ್ಗಿಸುವ ಮಟ್ಟ) 1600, 1/25 ಸೆಕೆಂಡಿನಲ್ಲಿ ಒಂದು ರಾ ಫೈಲ್, ಅಂದರೆ ಫೋನು ತಿದ್ದದ, ಸೆನ್ಸರ್ ಕೊಟ್ಟಂತೆಯೇ ಇರುವ ಚಿತ್ರ. ಇಲ್ಲಿ ಸರಾಸರಿ 64ಕ್ಕೇ ನಿಂತಿತು, ಪಟ್ಟೆ-ಗಿಟ್ಟೆ ಏನೂ ಇಲ್ಲ. 10 ಬಿಟ್‌ನ ಈ ರಾ ಫೈಲಿನಲ್ಲಿ ಕಪ್ಪಿನ ಮಟ್ಟ 64, ಗರಿಷ್ಠ 1023. ಅಂದರೆ ಸೆನ್ಸರ್ ಆರೋಗ್ಯವಾಗಿದೆ.

ಹಾಗಾದರೆ ನಾಯ್ಸ್ ಎಲ್ಲಿಂದ? ಎಲ್ಲರೂ ಎಡವುವ ಜಾಗ ಇದೇ. ಮಬ್ಬು ಬೇರೆ, ನಾಯ್ಸ್ ಬೇರೆ, ಮಬ್ಬನ್ನು ಎಡಿಟಿಂಗ್‌ನಲ್ಲಿ ಡೀಹೇಜ್ (ಮಬ್ಬು ಕಳೆಯುವ ಸ್ಲೈಡರ್) ಎಳೆದು ತೆಗೆದರಾಯಿತು ಎಂಬ ನಂಬಿಕೆ ಗಟ್ಟಿಯಾಗಿದೆ. ಲೆಕ್ಕ ಹಾಕಿ ನೋಡಿ. ಭಟ್ಟಿಯ ಕತ್ತಲ ಗೋಡೆಯಿಂದ ಒಂದು ಪಿಕ್ಸೆಲ್‌ಗೆ 50 ಎಲೆಕ್ಟ್ರಾನಿನಷ್ಟು ಬೆಳಕು ಬಂತು ಅನ್ನಿ. ಬೆಳಕಿನ ಸಹಜ ಏರಿಳಿತ ಅದರ ವರ್ಗಮೂಲದಷ್ಟು, ಸುಮಾರು 7. ಸಿಗ್ನಲ್ ನಾಯ್ಸಿಗಿಂತ ಏಳು ಪಟ್ಟು ಇದೆ, ಗೋಡೆ ಗೋಡೆಯಂತೆ ಕಾಣುತ್ತದೆ. ಈಗ ಒಲೆಯ ಬೆಂಕಿ, ಸೂರಿನ ಬಲ್ಬು ಇವುಗಳ ಬೆಳಕು ಗಾಜಿನಲ್ಲಿ ಚೆದುರಿ ಅದೇ ಪಿಕ್ಸೆಲ್ ಮೇಲೆ ಇನ್ನೊಂದು 150 ಸುರಿಯಿತು ಅನ್ನಿ. ಒಟ್ಟು 200, ಏರಿಳಿತ 14. ಎಡಿಟಿಂಗ್‌ನಲ್ಲಿ 150 ಕಳೆಯಬಹುದು, ಆದರೆ ಅದು ತಂದ ಏರಿಳಿತ ಕಳೆಯುವುದಿಲ್ಲ. ಉಳಿದದ್ದು 50ಕ್ಕೆ 14, ಮೂರೂವರೆ ಪಟ್ಟು. ಗುಣಮಟ್ಟ ಸರಿಯಾಗಿ ಅರ್ಧ. ಅದನ್ನು ವಾಪಸ್ ಪಡೆಯಬೇಕಾದರೆ ನಾಲ್ಕು ಪಟ್ಟು ಎಕ್ಸ್‌ಪೋಷರ್ (ಸೆನ್ಸರ್ ಮೇಲೆ ಬೀಳುವ ಒಟ್ಟು ಬೆಳಕು) ಬೇಕು, ಅಂದರೆ ಎರಡು ಸ್ಟಾಪ್; ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಎಫ್/2.4ರಿಂದ ಎಫ್/1.8ಕ್ಕೆ ಹೋದರೆ ಸಿಗುವ ಬೆಳಕು 1.8 ಪಟ್ಟಿಗಿಂತ ಹೆಚ್ಚಿಲ್ಲ. ಹೊಸ ಫೋನಿಗೆ ಸಾವಿರಗಟ್ಟಲೆ ಸುರಿದು ಪಡೆಯುವ ಲಾಭಕ್ಕಿಂತ ದೊಡ್ಡ ನಷ್ಟ ಒಂದು ಕೆಟ್ಟ ಗಾಜಿನಿಂದ ಆಗುತ್ತಿರುತ್ತದೆ.

ಅಂದಾಜು ಬಿಟ್ಟು ಅಳೆಯಲು ಪೆಟ್ಟಿಗೆ ಮಾಡಬೇಕು. ಶೂ ಡಬ್ಬದ ಒಳಗೆ ತಳಕ್ಕೂ ನಾಲ್ಕೂ ಕಡೆಗೂ ಕಪ್ಪು ವೆಲ್ವೆಟ್ ಬಟ್ಟೆ ಅಂಟಿಸಿ, ಮುಚ್ಚಳದ ನಡುವೆ 3 ಸೆಂಟಿಮೀಟರ್ ತೂತು ಕೊರೆದು, ಮುಚ್ಚಳದ ಮೇಲೆ ದೊಡ್ಡ ಬಿಳಿ ಡ್ರಾಯಿಂಗ್ ಹಾಳೆ ಹೊದಿಸಿ ಅಷ್ಟೇ ತೂತು ಬಿಡಿ. ತೂತಿನೊಳಗೆ ಹೊಕ್ಕ ಬೆಳಕು ಬಹುತೇಕ ಹೊರಬರುವುದಿಲ್ಲ, ಹಾಗಾಗಿ ಅದು ನಿಜವಾದ ಕಪ್ಪು. ಎರಡು ಬದಿಯಿಂದ 9 ವಾಟ್ ಎಲ್‌ಇಡಿ ಬಲ್ಬು ಹಾಳೆಯ ಮೇಲೆ ಬೀಳಲಿ, ಬಲ್ಬು ಮಾತ್ರ ಚೌಕಟ್ಟಿನಲ್ಲಿ ಕಾಣಬಾರದು. ಚೌಕಟ್ಟಿನ ತುಂಬ ಹಾಳೆ, ನಡುವೆ ತೂತು. ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್, ಓಪನ್ ಕ್ಯಾಮೆರಾ ಆ್ಯಪ್‌ನಲ್ಲಿ ಕ್ಯಾಮೆರಾ2 ಎಪಿಐ (ಐಎಸ್‌ಒ, ಷಟರ್ ನಾವೇ ಹೊಂದಿಸಲು ಬಿಡುವ ಆಯ್ಕೆ) ಆರಿಸಿ ಐಎಸ್‌ಒ 100, 1/25 ಸೆಕೆಂಡ್, ರಾ. ಹಾಳೆಯ ಮೌಲ್ಯ 900 ದಾಟಿದರೆ ಬಲ್ಬು ದೂರ ಸರಿಸಿ. ಆಮೇಲೆ ಹಸಿರು ಪಿಕ್ಸೆಲ್‌ಗಳ ಸರಾಸರಿಯನ್ನು ತೂತಿನ ನಡುವೆ ಒಮ್ಮೆ, ಪಕ್ಕದ ಹಾಳೆಯಲ್ಲಿ ಒಮ್ಮೆ ತೆಗೆದು, ಎರಡರಿಂದಲೂ 64 ಕಳೆದು ಭಾಗಿಸಿ. ಜೆಪಿಗ್‌ನಲ್ಲಿ ಈ ಲೆಕ್ಕ ಮಾಡಿದರೆ ಅರ್ಥವಿಲ್ಲ, ಫೋನು ಕಪ್ಪನ್ನು ಅಷ್ಟರಲ್ಲೇ ತಿದ್ದಿರುತ್ತದೆ.

ಮೊದಲ ಅಳತೆ: ತೂತು 141, ಹಾಳೆ 852. 77ನ್ನು 788ರಿಂದ ಭಾಗಿಸಿದರೆ ಹತ್ತಿರಹತ್ತಿರ ಶೇ 10. ಕಪ್ಪು ತೂತಿನಲ್ಲಿ ಬಿಳಿ ಹಾಳೆಯ ಹತ್ತರಲ್ಲೊಂದು ಭಾಗ ಬೆಳಕು! ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಒರೆಸಿದ ಮೇಲೂ ಇದು ಹೆಚ್ಚೇನೂ ಇಳಿಯಲಿಲ್ಲ. ಜಿಡ್ಡಿನದಾಗಿದ್ದರೆ ಇಳಿಯಬೇಕಿತ್ತು. ಟಾರ್ಚನ್ನು ಓರೆಯಾಗಿ ಹಿಡಿದಾಗ ಗಾಜಿನ ತುಂಬ ಸಣ್ಣ ಗೀರುಗಳು ಹೊಳೆದವು. ಇಂಥ ಗೀರನ್ನು ಟೂತ್‌ಪೇಸ್ಟ್, ಪಾಲಿಶ್ ಪುಡಿ ಹಾಕಿ ತಿಕ್ಕಿ ತೆಗೆಯುವ ವಿಡಿಯೊಗಳನ್ನು ನಂಬಬೇಡಿ. ಗೀರಿನ ಜೊತೆ ಕೋಟಿಂಗೂ ಹೋಗುತ್ತದೆ, ಮಬ್ಬು ಹೆಚ್ಚುತ್ತದೆ.

ಕೋಟಿಂಗ್ ವಿಷಯ. ಬರೀ ಗಾಜು ತನ್ನ ಒಂದೊಂದು ಮೈಯಿಂದ ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಎರಡು ಮೈ ಸೇರಿ ಶೇ 8. ಒಳ್ಳೆಯ ಆಂಟಿ ರಿಫ್ಲೆಕ್ಷನ್ ಕೋಟಿಂಗ್ ಇದ್ದರೆ ಇದು ಒಂದು ಮೈಗೆ ಶೇ 1ಕ್ಕಿಂತ ಕೆಳಗಿಳಿಯುತ್ತದೆ. ಎಸೆದ ಬೆಳಕು ಕಳೆದುಹೋಯಿತು ಅಷ್ಟೇ ತಾನೇ ಅನ್ನುವಂತಿಲ್ಲ. ಸೆನ್ಸರ್ ಮೈಗೆ ಬಡಿದು ಹಿಂದಿರುಗುವ ಬೆಳಕು ಈ ಗಾಜಿನ ಒಳಮೈಗೆ ತಾಗಿ ಮತ್ತೆ ಕೆಳಗಿಳಿಯುತ್ತದೆ. ‘ಸಫೈರ್’ ಎಂದು ಹೆಚ್ಚು ಬೆಲೆಗೆ ಮಾರುವ ಗಾಜು ನಿಜವಾಗಿ ಸಫೈರ್ ಆಗಿದ್ದು ಕೋಟಿಂಗ್ ಇಲ್ಲದಿದ್ದರೆ ಇನ್ನೂ ಕಷ್ಟ: ಒಂದು ಮೈಗೆ ಶೇ 7ಕ್ಕಿಂತ ಹೆಚ್ಚು ಪ್ರತಿಫಲನ. ಗೀರು ಬೀಳದಿರಬಹುದು, ರಾತ್ರಿ ಚಿತ್ರಕ್ಕೆ ಬೇಡ.

ಬಿಡಿಭಾಗದ ಅಂಗಡಿಗಳ ಮೇಲಿನ ಸಿಟ್ಟನ್ನು ಇಲ್ಲಿ ಹೇಳಲೇಬೇಕು. ಗಾಜು ಕೇಳಿದರೆ ‘ಒರಿಜಿನಲ್ಲೇ ಐತ್ರೀ’ ಅನ್ನುತ್ತಾರೆ, ಕೋಟಿಂಗ್ ಇದೆಯಾ ಅಂದರೆ ‘ಎಲ್ಲಾ ಐತ್ರೀ’. ಆನ್‌ಲೈನಿನಲ್ಲಿ ಚಿತ್ರದಲ್ಲಿ ನೇರಳೆ ಹೊಳಪು, ಬಂದ ಪೊಟ್ಟಣದಲ್ಲಿ ಕಿಟಕಿ ಗಾಜು. ಅಳತೆಯೂ ಕಾಲು ಮಿಲಿಮೀಟರ್ ಹೆಚ್ಚುಕಮ್ಮಿ, ಕೂರಿಸಿದರೆ ಅಂಚು ಏಳುತ್ತದೆ. ಹಾಗಾಗಿ ದುಡ್ಡು ಕೊಡುವ ಮೊದಲು ಕೌಂಟರಿನಲ್ಲೇ ಪರೀಕ್ಷಿಸಿ. ಗಾಜನ್ನು ಓರೆ ಹಿಡಿದು ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಎರಡು ಬಿಂಬ ಸ್ವಲ್ಪ ಆಚೀಚೆ ಕಾಣುತ್ತವೆ, ಎರಡು ಮೈಗೆ ಒಂದೊಂದು. ಎರಡೂ ಮಂಕಾಗಿ ಹಸಿರು ಅಥವಾ ನೇರಳೆ ಬಣ್ಣದಲ್ಲಿದ್ದರೆ ಎರಡೂ ಕಡೆ ಕೋಟಿಂಗ್ ಇದೆ. ಒಂದು ಮಂಕು, ಒಂದು ಬೆಳ್ಳಗೆ ಪ್ರಖರವಾಗಿದ್ದರೆ ಒಂದೇ ಕಡೆ. ಎರಡೂ ಬೆಳ್ಳಗಿದ್ದರೆ ವಾಪಸ್ ಕೊಟ್ಟುಬಿಡಿ. ರಕ್ಷಣೆಯ ಪ್ಲಾಸ್ಟಿಕ್ ಹಾಳೆ ಸುಲಿಯದೆ ಈ ಪರೀಕ್ಷೆ ಆಗದು. ಸುಲಿಯಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಗಾಜು ಬದಲಿಸುವುದು ಕಷ್ಟವಲ್ಲ, ನಾಜೂಕು. ಫೋನು ಆಫ್ ಮಾಡಿ, ಹೇರ್ ಡ್ರೈಯರ್‌ನಿಂದ ಕ್ಯಾಮೆರಾ ಭಾಗವನ್ನಷ್ಟೇ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಿಸಿ ಮಾಡಿದರೆ ಗಮ್ ಮೆತ್ತಗಾಗುತ್ತದೆ. ಬಿರುಕಿದ್ದರೆ ಮೊದಲು ಮೇಲೆ ಟೇಪ್ ಅಂಟಿಸಿ, ಚೂರು ಒಳಗೆ ಬೀಳಬಾರದು. ಪ್ಲಾಸ್ಟಿಕ್ ಪಿಕ್‌ನಿಂದ ಅಂಚಿನಿಂದ ಎತ್ತಿ, ಒಳಕ್ಕೆ ಚುಚ್ಚಬೇಡಿ. ಫೋಕಸ್‌ಗಾಗಿ ಚಲಿಸುವ ಲೆನ್ಸ್ ತೀರಾ ಹತ್ತಿರದಲ್ಲೇ ಇದೆ. ಹಳೇ ಗಮ್ ಕೆರೆಯುವಾಗ ಕ್ಯಾಮೆರಾ ನೆಲದ ಕಡೆ ಮುಖ ಮಾಡಿರಲಿ, ಕಸ ತಾನೇ ಕೆಳಗೆ ಬೀಳುತ್ತದೆ. ಒಳಲೆನ್ಸ್ ಮೇಲಿನ ಧೂಳಿಗೆ ರಬ್ಬರ್ ಬ್ಲೋವರ್ ಮಾತ್ರ, ಬಾಯಿಂದ ಊದಿದರೆ ಎಂಜಲ ಹನಿ ಕೂರುತ್ತದೆ. ಗಾಜಿನ ಜೊತೆ ಬರುವ ಕತ್ತರಿಸಿದ ಅಂಟುಪಟ್ಟಿಯೇ ಉತ್ತಮ. ಅದಿಲ್ಲದಿದ್ದರೆ ಬಿ-7000 ಗಮ್ಮನ್ನು ಸೂಜಿತುದಿಯಷ್ಟು ತೆಳುವಾಗಿ ಎಳೆದು 24 ಗಂಟೆ ಹಾಗೇ ಬಿಡಿ. ಸೂಪರ್ ಗ್ಲೂ ಮಾತ್ರ ಹತ್ತಿರವೂ ತರಬೇಡಿ. ಅದರ ಆವಿ ಒಳಲೆನ್ಸ್ ಮೇಲೆ ಬಿಳಿ ಪೊರೆಯಾಗಿ ಕೂತರೆ ಕ್ಯಾಮೆರಾ ಮಾಡ್ಯೂಲನ್ನೇ ಬದಲಿಸಬೇಕು.



ಹೊಸ ಗಾಜು ಕೂತ ಮೇಲಿನ ಅಳತೆ: ತೂತು 104, ಹಾಳೆ 858. ಶೇ 5. ಅರ್ಧ ಇಳಿಯಿತು, ಅರ್ಧ ಉಳಿಯಿತು. ಕೋಟಿಂಗ್ ಎರಡೂ ಕಡೆ ಇದೆ, ಗೀರಿಲ್ಲ, ಒಳಗಿನ ರಕ್ಷಣಾ ಹಾಳೆಯನ್ನೂ ಸುಲಿದಾಗಿದೆ. ಮತ್ತೆ ಎಲ್ಲಿಂದ?

ಸುಳಿವು ಕೊಟ್ಟದ್ದು ಫ್ಲ್ಯಾಷ್. ಕತ್ತಲಲ್ಲಿ, ಎದುರಿಗೆ ಏನೂ ಇಲ್ಲದ ಬಯಲಿನ ಕಡೆ ಫ್ಲ್ಯಾಷ್ ಹಾಕಿ ತೆಗೆದ ಚಿತ್ರ ಕಪ್ಪಾಗಿ ಬರಬೇಕು. ಬಂದದ್ದು ಒಂದು ಪಕ್ಕದಿಂದ ಹರಡಿದ ಬೆಳ್ಳನೆ ಮಬ್ಬು. ಫ್ಲ್ಯಾಷ್ ಎಲ್‌ಇಡಿಯ ಬೆಳಕು ಹೊರಗೆ ಹೋಗದೆ, ಗಾಜಿನಡಿಯ ಸಂದಿನಿಂದಲೇ ಲೆನ್ಸಿಗೆ ಸೋರುತ್ತಿದೆ ಎಂದರ್ಥ. ಕಂಪನಿಯಿಂದ ಬರುವಾಗ ಲೆನ್ಸ್ ಸುತ್ತ ಕಪ್ಪು ಫೋಮಿನ ತೆಳು ಉಂಗುರ ಇರುತ್ತದೆ, ಇಂಥ ಬೆಳಕನ್ನೂ ಧೂಳನ್ನೂ ಅದು ತಡೆಯುತ್ತದೆ. ಹಿಂದಿನ ರಿಪೇರಿಯಲ್ಲಿ ಹಳೇ ಗಮ್ ಜೊತೆ ಅದನ್ನೂ ಕಿತ್ತೆಸೆದಿದ್ದಾರೆ. ಫ್ಲ್ಯಾಷ್ ಹಾಕದಿದ್ದರೂ ಓರೆಯಿಂದ ಬರುವ ಬಲ್ಬಿನ ಬೆಳಕು ಅದೇ ಸಂದಿಯ ಗೋಡೆಗೆ ತಾಗಿ ಒಳಗೆ ಬೀಳುತ್ತದೆ. ಜೊತೆಗೆ ಹೊಸ ಗಾಜಿನ ಒಳಬದಿಯ ಕಪ್ಪು ಮುದ್ರಣ ಮ್ಯಾಟ್ ಆಗಿರದೆ ಹೊಳೆಯುತ್ತಿತ್ತು.

ಪರಿಹಾರ: 0.5 ಮಿಲಿಮೀಟರ್ ದಪ್ಪದ ಕಪ್ಪು ಫೋಮ್ ಟೇಪ್. ಲೆನ್ಸಿನ ಹೊರವ್ಯಾಸಕ್ಕಿಂತ ಅರ್ಧ ಮಿಲಿಮೀಟರ್ ದೊಡ್ಡ ತೂತನ್ನು ಚರ್ಮಕ್ಕೆ ಹೊಡೆಯುವ ಪಂಚ್‌ನಿಂದ ಕೊರೆದು, ಉಂಗುರವನ್ನು ಗಾಜಿಗೆ ಅಂಟಿಸಬೇಕೇ ಹೊರತು ಲೆನ್ಸ್ ಬ್ಯಾರಲ್‌ಗೆ (ಲೆನ್ಸನ್ನು ಹಿಡಿದಿರುವ ಕೊಳವೆಗೆ) ಅಲ್ಲ. ಬ್ಯಾರಲ್‌ಗೆ ತಾಗಿದರೆ ಫೋಕಸ್ ಸಿಕ್ಕಿಕೊಳ್ಳುತ್ತದೆ. ದಪ್ಪ ಫೋಮ್ ಗಾಜನ್ನೇ ಮೇಲೆತ್ತುತ್ತದೆ. 1 ಮಿಲಿಮೀಟರಿನದು ಬೇಡ. ಹೊಳೆಯುವ ಮುದ್ರಣವೂ ಈ ಉಂಗುರದಡಿ ಮುಚ್ಚಿಹೋಗುತ್ತದೆ.

ಈಗಿನ ಅಳತೆ: ತೂತು 82, ಹಾಳೆ 861. 18ನ್ನು 797ರಿಂದ ಭಾಗಿಸಿದರೆ ಶೇ 2ಕ್ಕಿಂತ ತುಸು ಹೆಚ್ಚು. ಫ್ಲ್ಯಾಷ್ ಪರೀಕ್ಷೆಯ ಚಿತ್ರ ಪೂರ್ತಿ ಕಪ್ಪು. ಬೀದಿದೀಪ ಚೌಕಟ್ಟಿನಲ್ಲಿದ್ದಾಗ ನಡುಬಿಂದುವಿನ ಆಚೆ ಬದಿ ಕಾಣುವ ಹಸಿರು ಚುಕ್ಕೆ ಇನ್ನೂ ಇದೆ, ಅದು ಸೆನ್ಸರ್ ಮತ್ತು ಲೆನ್ಸಿನ ನಡುವಿನ ಪ್ರತಿಫಲನ; ಒಳ್ಳೆಯ ಫೋನಿನಲ್ಲೂ ಬರುತ್ತದೆ, ಅದರ ಬೆನ್ನು ಹತ್ತಬೇಡಿ.

ಭಟ್ಟಿಯಲ್ಲಿ ಈಗ ಹೊಂದುವ ಸೆಟ್ಟಿಂಗ್: 1/50 ಸೆಕೆಂಡ್, ಐಎಸ್‌ಒ 800, ಒಂದೇ ಏಟಿಗೆ 8 ಚಿತ್ರ, ಆಮೇಲೆ ಜೋಡಿಸಿ ಸರಾಸರಿ. ನಾಯ್ಸ್ 2.8 ಪಟ್ಟು ಇಳಿಯುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಜ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಆದ್ದರಿಂದ ಷಟರ್ 1/100, 1/50, 1/25 ಇವುಗಳಲ್ಲೇ ಇರಲಿ. 1/60 ಇಟ್ಟರೆ ಗೋಡೆಯ ಮೇಲೆ ಪಟ್ಟೆ. ಎಕ್ಸ್‌ಪೋಷರನ್ನು ಬೆಂಕಿಗೆ ಹೊಂದಿಸಿ, ಮಂಡಕ್ಕಿ ಹುರಿಯುವವರ ಮುಖವನ್ನು ರಾ ಫೈಲಿನಿಂದ ಎತ್ತಬಹುದು. ಮಬ್ಬು ಹೋದ ಮೇಲೆ ಎರಡು ಸ್ಟಾಪ್ ಎತ್ತಿದರೂ ಮುಖ ಮುಖವಾಗಿಯೇ ಉಳಿಯುತ್ತದೆ. ದಾವಣಗೆರೆಯ ಗಾಜಿನ ಮನೆ ಎಂಬ ಗಾಜಿನ ಕಟ್ಟಡವನ್ನು ರಾತ್ರಿ ತೆಗೆಯಲು ಟ್ರೈಪಾಡ್, ಐಎಸ್‌ಒ 100, ಒಂದು ಸೆಕೆಂಡ್. ಬಣ್ಣ ಬದಲಾಗುವ ದೀಪಗಳಿದ್ದರೆ ಅದಕ್ಕಿಂತ ಉದ್ದ ಬೇಡ, ಎರಡು ಬಣ್ಣ ಬೆರೆತು ಕೊಳೆ ಬಿಳುಪಾಗುತ್ತದೆ.

ಭಟ್ಟಿಗೆ ಹೋಗುವವರಿಗೆ ಇನ್ನೊಂದು. ಅಲ್ಲಿ ಗಾಜಿನ ಮೇಲೆ ಮರಳು, ಬೂದಿ, ಹೊಗೆಯ ಜಿಡ್ಡು ಮೂರೂ ಕೂರುತ್ತವೆ. ಅಂಗಿಯ ಚುಂಗಿನಿಂದ ಒರೆಸಿದರೆ ಆ ಮರಳೇ ಹೊಸ ಗಾಜಿಗೆ ಗೀರು ಹಾಕುತ್ತದೆ. ಮೊದಲು ಬ್ಲೋವರ್, ಆಮೇಲೆ ಆಲ್ಕೋಹಾಲ್ ತಾಗಿಸಿದ ಮೈಕ್ರೊಫೈಬರ್ ಬಟ್ಟೆ, ಅದೂ ಒತ್ತದೆ, ನಡುವಿನಿಂದ ಹೊರಕ್ಕೆ.