ಮೆಂಟಲ್ ಕೇಳಲು ಹೋಗಿ ಚೌಕಟ್ಟು ನೋಡಿ ಬಂದೆವು

ಗದಗದ ಕಡೆಯಿಂದ ಕಾಕಾ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದರು. ಬರುವಾಗಲೇ ಒಂದು ಕೆಲಸ ತಂದಿದ್ದರು. ಅಜ್ಜನ ಕಾಲದ ಪೆಟ್ರೋಮ್ಯಾಕ್ಸ್ ಅಟ್ಟದ ಮೇಲೆ ಸಿಕ್ಕಿದೆ, ತಿಕ್ಕಿ ತೊಳೆದು ಇಟ್ಟಿದ್ದಾರೆ, ಒಳಗೆ ಕಟ್ಟುವ ಬಲೆ, ಅಂದ್ರೆ ಮ್ಯಾಂಟಲ್, ಮಾತ್ರ ಇಲ್ಲ. ನಮ್ಮ ಊರಲ್ಲಿ ಅದು ಮೆಂಟಲ್. "ತಮ್ಮಾ, ಮುಂಬೈನ್ಯಾಗ ಮೆಂಟಲ್ ಸಿಗ್ತಾವೇನು?" ಅಂದರು. "ಲೋಕಲ್‌ನಲ್ಲಿ ಬೇಕಾದಷ್ಟು ಸಿಗ್ತಾವೆ ಅಜ್ಜಾ" ಎಂದಳು ನನ್ನ ಮಗಳು.

ಹಳೇ ಸಾಮಾನು ಅಂದ್ರೆ ಚೋರ್ ಬಜಾರ್, ಅಲ್ವಾ. ಶನಿವಾರ ಸ್ಯಾಂಡ್‌ಹರ್ಸ್ಟ್ ರೋಡ್‌ನಲ್ಲಿ ಇಳಿದು ಮಟನ್ ಸ್ಟ್ರೀಟ್‌ಗೆ ಹೋದೆವು. ಗ್ರಾಮಫೋನು, ಹಡಗಿನ ದೀಪ, ಹಳೇ ಸಿನಿಮಾ ಪೋಸ್ಟರು, ಯಾರದೋ ಮನೆಯ ಮುತ್ತಜ್ಜನ ಫೋಟೋ, ಎಲ್ಲ ದಾಟಿ ಒಂದು ಅಂಗಡಿಯಲ್ಲಿ "ಮ್ಯಾಂಟಲ್ ಹೈ ಕ್ಯಾ?" ಎಂದೆ. ಅವನ ಮುಖ ಅರಳಿತು. "ಹೈ ನಾ ಸಾಬ್, ಬರ್ಮಾ ಟೀಕ್!" ಎಂದು ಹಿಂದಿನ ಗೋದಾಮಿಗೆ ಕರೆದುಕೊಂಡು ಹೋದ.

ತೇಗದ ಮ್ಯಾಂಟಲ್ ಹೇಗಿರುತ್ತದೆ ಎಂದು ನಾನು ಯೋಚಿಸುತ್ತಿರುವಾಗಲೇ ಗೋಣಿ ಸರಿಸಿ ತೋರಿಸಿದ. ಎರಡು ಕೆತ್ತಿದ ಕಂಬ, ಮೇಲೆ ಒಂದು ದಪ್ಪ ಹಲಗೆ, ನಡುವೆ ಖಾಲಿ. ಕಾಕಾ ಬಗ್ಗಿ ಆ ಕಡೆ ನೋಡಿದರು. "ಏನೋ ತಮ್ಮಾ ಇದು, ಬಾಗಲಾ ಇಲ್ಲ, ಚೌಕಟ್ಟು ಅಷ್ಟ ಐತಿ. ಇದರಾಗ ಕುರಿ ಸೈತ ನೆಟ್ಟಗ ಹೋಗೂದಿಲ್ಲ."

ಆಗ ನನಗೆ ಹೊಳೆದದ್ದು ಇಪ್ಪತ್ತು ವರ್ಷದ ಹಿಂದಿನ ನಾಚಿಕೆ. ಕಾಲೇಜಿನಲ್ಲಿ ಇಂಗ್ಲಿಷ್ ಕಥೆ ಓದುವಾಗ, ಒಬ್ಬ ಪತ್ರ ತಂದು ಮ್ಯಾಂಟಲ್‌ಪೀಸ್ ಮೇಲೆ ಇಡುತ್ತಾನೆ. ನನಗೆ ಗೊತ್ತಿದ್ದದ್ದು ಒಂದೇ ಮ್ಯಾಂಟಲ್. ಉರಿಯುವ ಪೆಟ್ರೋಮ್ಯಾಕ್ಸಿನ ಬಲೆಯ ಮೇಲೆ ಯಾಕಪ್ಪಾ ಪತ್ರ ಇಟ್ಟ, ಸುಟ್ಟು ಹಾಕೋಕೆ ಇರಬೇಕು ಎಂದುಕೊಂಡು ಆ ಕಥೆಗೆ ನಾನೇ ಒಂದು ರಹಸ್ಯ ಸೇರಿಸಿಕೊಂಡಿದ್ದೆ. ಪರೀಕ್ಷೆಯಲ್ಲೂ ಹಾಗೇ ಬರೆದೆ. ಮಾರ್ಕ್ಸ್ ಕೇಳಬೇಡಿ.

ರಾತ್ರಿ ಡಿಕ್ಷನರಿ ತೆಗೆದೆ. ದೀಪದ ಬಲೆಯ ಮ್ಯಾಂಟಲ್, ಬೆಂಕಿಗೂಡಿನ ಸುತ್ತ ಕೂರಿಸುವ ಈ ಚೌಕಟ್ಟಿನ ಮ್ಯಾಂಟಲ್, ಎರಡೂ ಮೂಲದಲ್ಲಿ ಒಂದೇ ಪದವಂತೆ. ಲ್ಯಾಟಿನ್ನಿನ ಮ್ಯಾಂಟೆಲ್ಲಮ್, ಅಂದ್ರೆ ಮೈಮೇಲೆ ಹೊದೆಯುವ ನಿಲುವಂಗಿ. ಯುರೋಪಿನ ಹಳೇ ಮನೆಗಳಲ್ಲಿ ಬೆಂಕಿಯ ಮೇಲೆ ಗೋಡೆಯಿಂದ ಮುಂದಕ್ಕೆ ಚಾಚಿ ಹೊಗೆ ಹಿಡಿಯುವ ಒಂದು ಮುಸುಕು ಇರುತ್ತಿತ್ತು, ಕಾಲ ಹೋದಂತೆ ಅದು ಕುಗ್ಗಿ ಬೆಂಕಿಗೂಡಿನ ಸುತ್ತಲಿನ ಚೌಕಟ್ಟು ಮತ್ತು ಮೇಲಿನ ಹಲಗೆಯಾಗಿ ಉಳಿಯಿತು. ಮ್ಯಾಂಟಲ್‌ಪೀಸ್ ಅಂದ್ರೆ ಕೆಲವರಿಗೆ ಇಡೀ ಚೌಕಟ್ಟು, ಕೆಲವರಿಗೆ ಹಲಗೆ ಅಷ್ಟೇ. ಇಂಗ್ಲಿಷಿನಲ್ಲಿ ಬರೆಯುವಾಗ ಹಲಗೆಗೆ ಸಾಮಾನ್ಯವಾಗಿ ಕೊನೆಯಲ್ಲಿ ಇ-ಎಲ್, ನಿಲುವಂಗಿಗೆ ಎಲ್-ಇ. ದೀಪದ ಬಲೆಗೂ ಎಲ್-ಇ. ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಪೇಟೆಂಟ್ ಮಾಡಿದ ಆ ಬಲೆ ಉರಿಗೆ ಹೊದಿಸಿದ ಅಂಗಿಯೇ ತಾನೆ.

ಕನ್ನಡದಲ್ಲಿ ಏನನ್ನಬೇಕು? ಒಲೆ ಮೇಲಿನ ಹಲಗೆ ಎಂದರೆ ನಮ್ಮವರು ಅಡುಗೆಮನೆಗೆ ಹೋಗಿಬಿಡುತ್ತಾರೆ. ಅದು ಮೈ ಕಾಯಿಸುವ ಬೆಂಕಿ, ಕೂರುವ ಕೋಣೆಯಲ್ಲಿ ಇರುವುದು, ಮೇಲೆ ಗಡಿಯಾರ, ಫೋಟೋ, ಬಂದ ಪತ್ರ. ನಮ್ಮ ಹಳ್ಳಿಮನೆಯಲ್ಲಿ ಹೊಗೆಯನ್ನು ಯಾರೂ ಹಿಡಿಯುತ್ತಿರಲಿಲ್ಲ. ಅದು ತನ್ನ ಪಾಡಿಗೆ ಜಂತಿ ಕಪ್ಪು ಮಾಡಿಕೊಂಡು ಬೆಳಕಿಂಡಿಯಿಂದ ಹೋಗುತ್ತಿತ್ತು. ಗೋಡೆಯೊಳಗಿನ ಮಾಡದಲ್ಲಿ ಚಿಮಣಿ ದೀಪ, ಕಡ್ಡಿಪೆಟ್ಟಿಗೆ, ಅಜ್ಜನ ಚಷ್ಮಾ. ಕೆಲಸ ನೋಡಿದರೆ ಮಾಡವೇ ಹತ್ತಿರ, ಆಕಾರ ನೋಡಿದರೆ ಅಲ್ಲ. ನನಗೇನೋ ಸುಮ್ನೆ ಮ್ಯಾಂಟಲ್ ಎಂದು ಬಿಟ್ಟುಬಿಡುವುದೇ ಸರಿ ಅನಿಸುತ್ತದೆ.

ಅಂದಹಾಗೆ, ಅಂಗಡಿಯವನು ಸುಲಭಕ್ಕೆ ಬಿಡಲಿಲ್ಲ. ಮುಂಬೈ ಸೆಕೆಯಲ್ಲಿ ಇದನ್ನು ಯಾರು ಕೊಳ್ಳುತ್ತಾರೆ ಎಂದರೆ, ಟಿವಿ ಇಡೋಕೆ ಒಯ್ಯುತ್ತಾರೆ ಎಂದ. ಕಾಕಾ ಗಂಭೀರವಾಗಿ ರೇಟು ಕೇಳಿ, ಒಲೆ ಇದರ ಜೊತೆಗೇ ಬರುತ್ತದೋ ಬೇರೆ ಕೊಳ್ಳಬೇಕೋ ಎಂದು ನನ್ನಿಂದ ಹಿಂದಿಯಲ್ಲಿ ಕೇಳಿಸಿದರು.

ನಮ್ಮ ಮೆಂಟಲ್ ಕೊನೆಗೆ ಎರಡು ಗಲ್ಲಿ ಆಚೆ, ಒಂದು ಹಾರ್ಡ್‌ವೇರ್ ಅಂಗಡಿಯ ಡಬ್ಬಿಯಲ್ಲಿ ಸಿಕ್ಕಿತು. ಕಾಕಾ ಆರು ತೆಗೆದುಕೊಂಡರು. ರೈಲಿನಲ್ಲಿ ಊರಿಗೆ ಫೋನ್ ಹಚ್ಚಿ ಜೋರಾಗಿ ಹೇಳುತ್ತಿದ್ದರು, "ಹೂಂ, ಮೆಂಟಲ್ ಸಿಕ್ಕು. ಮೊದಲ ಒಬ್ಬಾಂವ ಬಾಗಲಾ ತೋರಿಸಿದ್ದ." ಇಡೀ ಬೋಗಿ ನಮ್ಮನ್ನೇ ನೋಡುತ್ತಿತ್ತು.