ಕಾಣದ ದಿನವನ್ನೂ ಬರೆದಿಡುವವರು

ಅಮೆರಿಕದ ಸ್ಯಾನ್ ವಾನ್ ದ್ವೀಪದ ಲೈಮ್ ಕಿಲ್ನ್ ಪಾಯಿಂಟ್‌ನ ಬಂಡೆಯ ಮೇಲೆ ಹೋಗಿ ಕೂತಾಗ ಬೆಳಿಗ್ಗೆ ಎಂಟು ಗಂಟೆ. ಎದುರಿಗೆ ಹಾರೋ ಜಲಸಂಧಿ. ಅದರಾಚೆ ಕೆನಡಾದ ವ್ಯಾಂಕೂವರ್ ದ್ವೀಪ. ಎಡಕ್ಕೆ ದೂರದಲ್ಲಿ ಒಲಿಂಪಿಕ್ ಪರ್ವತಗಳು ಮಂಜಿನಲ್ಲಿ ಅರ್ಧ ಮುಳುಗಿದ್ದವು. ಇಲ್ಲಿ ದಡದ ಬುಡದಲ್ಲೇ ನೀರು ಬಹಳ ಆಳ. ಹಾಗಾಗಿ ಓರ್ಕಾ ತಿಮಿಂಗಿಲಗಳು ಬಂಡೆಗೆ ತೀರಾ ಹತ್ತಿರದಲ್ಲೇ ಹಾದುಹೋಗುವುದುಂಟು.

ಸಿಯಾಟಲ್‌ನಿಂದ ಉತ್ತರಕ್ಕೆ ಅನಕೋರ್ಟಿಸ್, ಅಲ್ಲಿಂದ ಫೆರ್ರಿ ಹತ್ತಿ ಸ್ಯಾನ್ ವಾನ್ ದ್ವೀಪದ ಫ್ರೈಡೇ ಹಾರ್ಬರ್. ದೋಣಿಯಲ್ಲಿ ತಿಮಿಂಗಿಲ ನೋಡಲು ಹೋಗುವುದು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಓರ್ಕಾಗಳು ಶಬ್ದ ಹೊರಡಿಸಿ, ಅದರ ಮಾರ್ದನಿ ಕೇಳಿ ಮೀನು ಹುಡುಕುತ್ತವೆ. ಎಂಜಿನ್ ಸದ್ದು ಅದಕ್ಕೆ ಅಡ್ಡ ಬರುತ್ತದೆ. ಇಲ್ಲಿನ ಅಳಿವಿನಂಚಿನ ಓರ್ಕಾಗಳಿಂದ ದೋಣಿಗಳು 1000 ಗಜ ದೂರ ಇರಬೇಕು ಅಂತ ವಾಷಿಂಗ್ಟನ್ ರಾಜ್ಯ 2025ರಿಂದ ನಿಯಮ ಮಾಡಿದೆ. ಬಂಡೆಯ ಮೇಲೆ ಕೂತವರಿಂದ ಅವಕ್ಕೆ ಯಾವ ತೊಂದರೆಯೂ ಇಲ್ಲ.

ಮೊದಲ ದಿನ ಒಂದೂ ಬರಲಿಲ್ಲ.

1919ರಿಂದ ಬೆಳಗುತ್ತಿರುವ ದೀಪಸ್ತಂಭದ ಪಕ್ಕದಲ್ಲಿ ಸ್ವಯಂಸೇವಕಿಯೊಬ್ಬರು ನಿಂತಿದ್ದರು. ಕೈಯಲ್ಲಿ ದುರ್ಬೀನು, ಪಕ್ಕದಲ್ಲೊಂದು ನೋಟ್‌ಬುಕ್. ಆಗಾಗ ಬಗ್ಗಿ ಏನೋ ಬರೆಯುತ್ತಿದ್ದರು. ತಿಮಿಂಗಿಲವೇ ಇಲ್ಲ, ಇವರು ಬರೆಯುವುದಾದರೂ ಏನನ್ನು? ಹೋಗಿ ಕೇಳಿದೆ. ಪುಟ ತಿರುಗಿಸಿ ತೋರಿಸಿದರು. ಗಂಟೆ, ಗಾಳಿ, ಅಲೆ, ಎಷ್ಟು ದೋಣಿ, ಎಷ್ಟು ದೂರದವರೆಗೆ ಕಾಣುತ್ತಿದೆ. ಕೊನೆಯ ಕಾಲಮಿನಲ್ಲಿ ಮೇಲಿಂದ ಕೆಳಗೆ ಒಂದೇ ಮಾತು: ಇಲ್ಲ, ಇಲ್ಲ, ಇಲ್ಲ.

“ಕಂಡ ದಿನ ಮಾತ್ರ ಬರೆದರೆ ನಾವು ಎಷ್ಟು ಹೊತ್ತು ನೋಡಿದೆವು ಅನ್ನೋದೇ ಗೊತ್ತಾಗೋದಿಲ್ಲ. ಇವತ್ತು ಅವು ಬರಲಿಲ್ಲವಾ, ಅಥವಾ ಯಾರೂ ನೋಡಲಿಲ್ಲವಾ? ಎರಡೂ ಬೇರೆ ಬೇರೆ ಅಲ್ವಾ?” ಅಂದರು.

ಆ ಮಾತು ಆ ಪ್ರವಾಸದುದ್ದಕ್ಕೂ ನನ್ನ ಜೊತೆಗಿತ್ತು. ಓರ್ಕಾಗಳು ಎಲ್ಲಿವೆ ಅಂತ ನಕ್ಷೆಯ ಮೇಲೆ ಚುಕ್ಕೆ ಇಡುತ್ತಾ ಹೋದರೆ, ಚುಕ್ಕೆಗಳು ಒತ್ತಾಗುವುದು ಜನ ಇರುವ ಕಡೆ, ಬೇಸಿಗೆಯಲ್ಲಿ, ಬಿಸಿಲಿರುವ ದಿನಗಳಲ್ಲಿ. ಅದು ಅರ್ಧ ಮಾತ್ರ ತಿಮಿಂಗಿಲಗಳ ನಕ್ಷೆ. ಉಳಿದರ್ಧ ನೋಡುವವರ ನಕ್ಷೆ. ಅಲೆಗಳ ತಲೆ ಬೆಳ್ಳಗೆ ಒಡೆಯತೊಡಗಿದರೆ ಸಾಕು, ದೂರದ ಬೆನ್ನುರೆಕ್ಕೆ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೇ ಗಾಳಿಯ ಲೆಕ್ಕವೂ ಬೇಕು.

ನಡುಗಡಲಿನಲ್ಲಿ ಎಣಿಸುವವರಿಗೆ ಬಂಡೆಯೂ ಇಲ್ಲ. ಅವರು ಹಡಗಿನ ದಾರಿಯನ್ನು ಮೊದಲೇ ನಕ್ಷೆಯ ಮೇಲೆ ಗೆರೆ ಎಳೆದು ಗೊತ್ತುಮಾಡುತ್ತಾರೆ. ತಿಮಿಂಗಿಲ ಸಿಗಬಹುದು ಅಂತ ಆಸೆಪಟ್ಟು ದಾರಿ ಬದಲಿಸುವ ಹಾಗಿಲ್ಲ. ಕಂಡ ಪ್ರತಿ ಗುಂಪಿನ ದೂರ ಮತ್ತು ಕೋನ ಬರೆದುಕೊಳ್ಳುತ್ತಾರೆ. ಹತ್ತಿರದವು ಹೆಚ್ಚು ಕಾಣುತ್ತವೆ, ದೂರದವು ಕಡಿಮೆ. ದೂರ ಹೆಚ್ಚಿದಂತೆ ಕಾಣುವುದು ಯಾವ ಪ್ರಮಾಣದಲ್ಲಿ ಇಳಿಯುತ್ತದೆ ಅನ್ನುವುದರಿಂದಲೇ ತಪ್ಪಿಹೋದವು ಎಷ್ಟಿರಬಹುದು ಎಂದು ಅಂದಾಜು ಮಾಡುತ್ತಾರೆ. ಹಡಗು ಹಾದುಹೋಗುವ ಹೊತ್ತಿಗೆ ಮುಳುಗಿದ್ದವುಗಳಿಗೆ ಇನ್ನೊಂದು ತಿದ್ದುಪಡಿ. ಪ್ರಪಂಚದಲ್ಲಿ ಕಡಿಮೆ ಎಂದರೂ 50,000 ಓರ್ಕಾಗಳಿವೆ ಎಂಬ ಅಂದಾಜಿನ ಹಿಂದೆ ಇಂಥ ಸಮೀಕ್ಷೆಗಳ ದುಡಿಮೆ ಬಹಳ ಇದೆ.

ಎರಡನೇ ದಿನ ಮಳೆ. ಫ್ರೈಡೇ ಹಾರ್ಬರ್‌ನ ತಿಮಿಂಗಿಲ ಮ್ಯೂಸಿಯಂನಲ್ಲಿ ಕಳೆದೆ. ಹೊರಗೆ ಬರುವ ಹೊತ್ತಿಗೆ ಮೈಕಲ್ ಬಿಗ್ ಬಗ್ಗೆ ನನಗೆ ತುಂಬಾ ಗೌರವ ಹುಟ್ಟಿತ್ತು. 1960ರ ದಶಕದಲ್ಲಿ ಈ ಕರಾವಳಿಯ ಓರ್ಕಾಗಳನ್ನು ಅಕ್ವೇರಿಯಂಗಳಿಗೆ ಹಿಡಿದು ಮಾರಲು ಶುರುಮಾಡಿದ್ದರು. ಸಮುದ್ರದಲ್ಲಿ ಸಾವಿರಾರು ಇವೆ, ಕೆಲವನ್ನು ಹಿಡಿದರೆ ಏನಾಯಿತು ಎಂಬ ನಂಬಿಕೆ. ಎಣಿಸಿದವರು ಯಾರೂ ಇರಲಿಲ್ಲ. ಕೆನಡಾದ ವಿಜ್ಞಾನಿ ಬಿಗ್ 1971ರಲ್ಲಿ ಸಾವಿರಾರು ಪ್ರಶ್ನೆಪತ್ರ ಹಂಚಿದರು. ಮೀನುಗಾರರಿಗೆ, ದೀಪಸ್ತಂಭ ಕಾಯುವವರಿಗೆ, ದೋಣಿಯವರಿಗೆ. ಜುಲೈ 26, ಆ ಒಂದೇ ದಿನ ಕಂಡ ಓರ್ಕಾಗಳನ್ನು ಬರೆದು ಕಳಿಸಿ ಅಂದರು. ಎಲ್ಲರೂ ಒಂದೇ ದಿನ ಎಣಿಸಿದರೆ, ಇಂದು ಇಲ್ಲಿ ಕಂಡದ್ದು ನಾಳೆ ಅಲ್ಲಿ ಮತ್ತೆ ಲೆಕ್ಕಕ್ಕೆ ಬರುವುದು ತಪ್ಪುತ್ತದೆ. ಎಷ್ಟು ಸರಳ ಉಪಾಯ! ಬಂದ ಉತ್ತರಗಳಿಂದ ಸಿಕ್ಕ ಲೆಕ್ಕ 200ರಿಂದ 350 ಓರ್ಕಾ. ಸಾವಿರಾರು ಎಲ್ಲಿ, ಇದೆಲ್ಲಿ?

ಬಿಗ್ ಮತ್ತು ಅವರ ಜೊತೆಗಾರರು ಅಲ್ಲಿಗೇ ನಿಲ್ಲಲಿಲ್ಲ. ಫೋಟೋ ತೆಗೆಯುತ್ತಾ ಹೋದರು. ಆಗ ಗೊತ್ತಾಯಿತು, ಒಂದು ಓರ್ಕಾದ ಬೆನ್ನುರೆಕ್ಕೆಯ ಅಂಚು, ಅದರ ಹಿಂದೆ ಕುದುರೆಯ ಜೀನಿನಂತೆ ಹರಡಿರುವ ಬೂದು ಮಚ್ಚೆ ಇನ್ನೊಂದರಂತೆ ಇರುವುದಿಲ್ಲ. ಎಡಬದಿಯ ಮಚ್ಚೆಗೂ ಬಲಬದಿಯ ಮಚ್ಚೆಗೂ ಕೂಡ ವ್ಯತ್ಯಾಸ ಉಂಟು. ಹಾಗಾಗಿ ಎಡದ ಫೋಟೋವನ್ನು ಎಡದ ಜೊತೆಗೇ ಹೋಲಿಸಬೇಕು.

ಎಲ್ಲವನ್ನೂ ಕಾಣಲಾಗದ ಕಡೆ ಈ ಫೋಟೋಗಳಿಂದಲೇ ಒಟ್ಟು ಸಂಖ್ಯೆ ಅಂದಾಜು ಮಾಡಬಹುದು. ಮೊದಲ ಸಲ 40 ಓರ್ಕಾಗಳ ಫೋಟೋ ಸಿಕ್ಕಿತು ಅನ್ನಿ. ಮುಂದಿನ ಸಲ 30 ಸಿಕ್ಕವು, ಅದರಲ್ಲಿ 20 ಹಳೇ ಮುಖಗಳು. ಅಂದರೆ ಎರಡನೇ ಸಲ ಸಿಕ್ಕಿದ್ದರಲ್ಲಿ ಮೂರರಲ್ಲಿ ಎರಡು ಪಾಲು ಮೊದಲೇ ಗೊತ್ತಿದ್ದವು. ಹಾಗಿದ್ದರೆ ಮೊದಲ 40 ಕೂಡ ಒಟ್ಟು ಸಂಖ್ಯೆಯ ಮೂರರಲ್ಲಿ ಎರಡು ಪಾಲು. ಒಟ್ಟು ಸುಮಾರು 60. ಆದರೆ ಕೆಲವು ದೋಣಿ ಕಂಡರೆ ದೂರ ಸರಿಯುತ್ತವೆ. ಕ್ಯಾಮೆರಾಗೆ ಸಿಕ್ಕವೇ ಮತ್ತೆ ಮತ್ತೆ ಸಿಕ್ಕರೆ ಅಂದಾಜು ನಿಜಕ್ಕಿಂತ ಕಡಿಮೆ ಬರುತ್ತದೆ.

ಇಲ್ಲಿನ ಅಳಿವಿನಂಚಿನ, ಮೀನು ತಿನ್ನುವ ಓರ್ಕಾಗಳನ್ನು ದಕ್ಷಿಣದ ನೆಲೆಸಿಗ ಓರ್ಕಾಗಳು ಅನ್ನುತ್ತಾರೆ. ಇವಕ್ಕೆ ಅಂದಾಜೂ ಬೇಕಿಲ್ಲ. ಜೆ, ಕೆ, ಎಲ್ ಎಂಬ ಮೂರು ಬಳಗ. ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ಜೀವನವಿಡೀ ತಾಯಿಯ ಜೊತೆಗೇ ಇರುತ್ತವೆ. ತಿಮಿಂಗಿಲ ಸಂಶೋಧಕ ಕೆನ್ ಬಾಲ್ಕಂ 1976ರಲ್ಲಿ ಇಲ್ಲೇ ಶುರುಮಾಡಿದ ಗಣತಿ ಅವರು 2022ರಲ್ಲಿ ತೀರಿಕೊಂಡ ಮೇಲೂ ನಡೆದಿದೆ. ಒಂದೊಂದಕ್ಕೂ ಸಂಖ್ಯೆ ಇದೆ, ಹೆಸರಿದೆ. ತಾಯಿ, ಅಣ್ಣತಮ್ಮ ಎಲ್ಲ ಬಂದು ಒಂದು ಮಾತ್ರ ಪದೇ ಪದೇ ಕಾಣದಿದ್ದರೆ ಅದು ಸತ್ತಿದೆ ಅಂತಲೇ ಅರ್ಥ. ಗೋಡೆಯ ಮೇಲಿನ ವಂಶವೃಕ್ಷದ ಮುಂದೆ ನಿಂತು ಆ ಸಾಲುಗಳನ್ನು ಓದುವಾಗ ಗಂಟಲು ಕಟ್ಟಿತು. 1995ರಲ್ಲಿ 98 ಇದ್ದವು. ಈಗ 70ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅವುಗಳ ಮುಖ್ಯ ಆಹಾರವಾದ ಚಿನೂಕ್ ಸಾಲ್ಮನ್ ಮೀನೇ ಕಡಿಮೆಯಾಗಿದೆ.

ಮೂರನೇ ದಿನ ಮಧ್ಯಾಹ್ನ ಉತ್ತರದ ಕಡೆಯಿಂದ ಒಂದು ಉಸಿರು ಕೇಳಿಸಿತು. ಹೌದು, ಮೊದಲು ಬಂದದ್ದು ಸದ್ದು. ಆಮೇಲೆ ಕಪ್ಪು ರೆಕ್ಕೆ, ಎತ್ತರದ್ದು. ಗಂಡು ಓರ್ಕಾದ ಬೆನ್ನುರೆಕ್ಕೆ 1.8 ಮೀಟರ್‌ವರೆಗೂ ಬೆಳೆಯುತ್ತದೆ ಎಂದು ಓದಿದ್ದೆ. ನೀರಿನಿಂದ ಅದು ಏಳುವುದನ್ನು ನೋಡುವುದೇ ಬೇರೆ. ಇನ್ನೊಂದು, ಮತ್ತೊಂದು. ಬೆರಳು ಮಡಿಸುತ್ತಾ ಎಣಿಸಿದೆ. ಏಳು! ಸ್ವಯಂಸೇವಕಿ ದುರ್ಬೀನು ಇಳಿಸಲೇ ಇಲ್ಲ.

“ನಾಲ್ಕು,” ಅಂದರು. “ಒಂದು ಗಂಡು, ಒಂದು ಹೆಣ್ಣು, ಎರಡು ಮರಿ.”

ನಾನು ಎಣಿಸಿದ್ದು ಎಷ್ಟು ಸಲ ಮೇಲೆ ಬಂದವು ಅನ್ನುವುದನ್ನು. ಅವರು ಎಣಿಸಿದ್ದು ಯಾರು ಯಾರು ಬಂದರು ಅನ್ನುವುದನ್ನು. ಎಣಿಕೆಯ ಅತ್ಯಂತ ಕಷ್ಟದ ಭಾಗ ಯಾವುದು ಅನ್ನುವುದು ನನಗೆ ಅರ್ಥವಾದದ್ದು ಆಗಲೇ.

ಇವು ನೆಲೆಸಿಗ ಓರ್ಕಾಗಳಾಗಿರಲಿಲ್ಲ. ಸೀಲ್‌ಗಳನ್ನು ಬೇಟೆಯಾಡುವ ಬೇರೆ ಬಗೆ. 1990ರಲ್ಲಿ ತೀರಿಕೊಂಡ ಬಿಗ್ ನೆನಪಿಗೆ ಇವನ್ನು ಈಗ ಬಿಗ್ಸ್ ಓರ್ಕಾ ಅನ್ನುತ್ತಾರೆ. ಸೀಲ್‌ಗಳ ಕಿವಿ ಚುರುಕು. ಅದಕ್ಕೆ ಇವು ಬೇಟೆಗೆ ಹೊರಟಾಗ ಸುಮ್ನೆ ಇರುತ್ತವೆ. ಇಲ್ಲಿ ನೀರೊಳಗೆ ಹೈಡ್ರೋಫೋನ್ ಎಂಬ ಮೈಕ್ ಇದೆ. ನೆಲೆಸಿಗಗಳು ಬಂದರೆ ಅವುಗಳ ಕೂಗು ಅದರಲ್ಲಿ ಕೇಳುತ್ತದೆ. ಬಳಗಕ್ಕೊಂದು ಬೇರೆ ಧಾಟಿ ಇರುವುದರಿಂದ ಯಾರೆಂದೂ ಗೊತ್ತಾಗುತ್ತದೆ. ಅಂದು ಮಧ್ಯಾಹ್ನ ಅದರಲ್ಲಿ ಕೇಳಿದ್ದು ದೂರದ ಹಡಗಿನ ಗುರುಗುಟ್ಟುವಿಕೆ ಮಾತ್ರ. ಕಿವಿಯನ್ನಷ್ಟೇ ನಂಬಿದ್ದರೆ ಈ ನಾಲ್ಕೂ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಚಳಿಗಾಲದಲ್ಲಿ ನೆಲೆಸಿಗಗಳು ಎಲ್ಲಿ ಹೋಗುತ್ತವೆ ಅಂತ ಕೇಳಿದೆ. ಬಹಳ ವರ್ಷ ಅದು ಸರಿಯಾಗಿ ಗೊತ್ತಿರಲಿಲ್ಲವಂತೆ. ಬಿರುಗಾಳಿಯ ಕಾಲದಲ್ಲಿ ತೆರೆದ ಕರಾವಳಿಯಲ್ಲಿ ನೋಡುವವರು ಯಾರಿದ್ದಾರೆ? ಕೆಲವು ಓರ್ಕಾಗಳಿಗೆ ಉಪಗ್ರಹ ಟ್ಯಾಗ್ ಹಾಕಿದ ಮೇಲೆ ಅವು ಕ್ಯಾಲಿಫೋರ್ನಿಯಾವರೆಗೂ ಹೋಗಿ ಬರುವುದು, ಕೊಲಂಬಿಯಾ ನದಿಯ ಮುಖದ ಆಸುಪಾಸಿನಲ್ಲಿ ಸುತ್ತುವುದು ಕಂಡಿತು. 2016ರಲ್ಲಿ ಟ್ಯಾಗ್ ಹಾಕಿಸಿಕೊಂಡಿದ್ದ ಒಂದು ಗಂಡು ಸತ್ತಿತು, ಆ ಕೆಲಸ ನಿಂತಿತು. ಅದು ಸರಿಯಾದ ನಿರ್ಧಾರ ಅಂತ ನನಗನ್ನಿಸುತ್ತದೆ. ಆದರೂ ಆ ಮಾಹಿತಿ ದಂಡವಾಗಲಿಲ್ಲ. 2021ರಲ್ಲಿ ಅವುಗಳಿಗೆ ಕಾನೂನಿನ ರಕ್ಷಣೆ ಇರುವ ನೆಲೆಯನ್ನು ದಕ್ಷಿಣಕ್ಕೆ ಕ್ಯಾಲಿಫೋರ್ನಿಯಾದ ಪಾಯಿಂಟ್ ಸರ್‌ವರೆಗೆ ಹಿಗ್ಗಿಸಿದರು.

ಇನ್ನೆರಡು ದಿನ ಇದ್ದೆ. ಜೆ, ಕೆ, ಎಲ್ ಯಾವ ಬಳಗವೂ ಬರಲಿಲ್ಲ. ವಾಪಸ್ ಹೊರಟ ಫೆರ್ರಿಯ ಮೇಲಂತಸ್ತಿನಲ್ಲಿ ನಿಂತು ನೀರಿನ ಮೇಲೇ ಕಣ್ಣಿಟ್ಟಿದ್ದೆ. ಅನಕೋರ್ಟಿಸ್ ಹತ್ತಿರ ಬಂದಾಗ ನನ್ನ ಡೈರಿ ತೆಗೆದು ಬರೆದೆ: ಸಂಜೆ 4.10ರಿಂದ 5.15. ಗಾಳಿ ಕಡಿಮೆ, ಬೆಳ್ನೊರೆ ಇಲ್ಲ, ದೂರದವರೆಗೂ ಸ್ಪಷ್ಟ. ಓರ್ಕಾ: ಇಲ್ಲ.