ಜಗಲಿ ಬಿಟ್ಟು ಬರದ ಫೋನು

ಡಿಸೆಂಬರ್ ತಿಂಗಳ ಒಂದು ಭಾನುವಾರ ಬೆಳಗ್ಗೆ ಏಳಕ್ಕೇ ಚಿಕ್ಕಮ್ಮನ ಫೋನು.

"ಎಂತ ವೈಫೈ ಹಾಕಿ ಹೋಗಿದೀಯ ಮಾರಾಯ? ಜಗಲೀಲಿ ಕೂತ್ರೆ ಎಲ್ಲ ಸರಿ. ಅಡುಗೆಮನೆಗೆ ಬಂದ್ರೆ ಅವರ ಮಾತು ನಂಗೆ ಕೇಳ್ತದೆ, ನನ್ನ ಮಾತು ಅವರಿಗೆ ಕೇಳಲ್ಲ. ಅಡಿಕೆ ಮನೆಗೆ ಹೋದ್ರಂತೂ ಪೂರ್ತಿ ಹೋಗ್ತದೆ. ಈಗ ನೋಡು, ಹೋಗ್ತಾ ಇದೀನಿ. ಹಲೋ? ಹಲೋ? ಕೇಳ್ತಾ..."

ಕಟ್ ಆಯಿತು. ಶಿವಮೊಗ್ಗದಲ್ಲಿ ಹಾಸ್ಟೆಲ್ಲು, ಆಫೀಸುಗಳಿಗೆ ವೈಫೈ ಹಾಕಿಕೊಡುವುದೇ ನನ್ನ ಕೆಲಸ. ಗಿರಾಕಿಗಳು "ನೆಟ್ ಸ್ಲೋ" ಅಂತಷ್ಟೇ ಹೇಳುತ್ತಾರೆ. ಇಷ್ಟು ಬಿಡಿಸಿ ಯಾರೂ ದೂರು ಕೊಟ್ಟಿಲ್ಲ. ಆದರೂ ನಾನು ಅದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಸಿಗ್ನಲ್ ಸಾಲುತ್ತಿಲ್ಲ, ಇನ್ನೊಂದು ಡಬ್ಬಿ ಹಾಕಿದರೆ ಮುಗೀತು ಅಂದುಕೊಂಡೆ. ಅಂಗಡಿಯವನನ್ನು ಎಬ್ಬಿಸಿ ಹೊಸ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಬೀರುವ ಡಬ್ಬಿ, ಒಂದನ್ನು ತಗೊಂಡು ಕಾರಿನ ಡಿಕ್ಕಿಗೆ ಹಾಕಿ ತೀರ್ಥಹಳ್ಳಿ ದಾರಿ ಹಿಡಿದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ದಾರಿಯುದ್ದಕ್ಕೂ ತುಂಗೆ ಮೇಲೆ ಮಂಜು. ಮಂಡಗದ್ದೆ ದಾಟಿದ ಮೇಲೆ ನನ್ನ ಫೋನಿನ ಗೆರೆಗಳು ಒಂದೊಂದಾಗಿ ಇಳಿದವು.

ಚಿಕ್ಕಮ್ಮನ ಮನೆ ತೀರ್ಥಹಳ್ಳಿಯಿಂದ ಇನ್ನೂ ಒಳಗೆ, ಗುಡ್ಡದ ಬುಡದಲ್ಲಿ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಹಾಗಾಗಿ ಆ ಮನೆಯಲ್ಲಿ ಫೋನು ಅಂದರೆ ವೈಫೈಯೇ. ಪೇಟೆಯಲ್ಲಿ ವೈಫೈ ಕೈಕೊಟ್ಟರೆ ಫೋನು ಸುಮ್ನೆ ಮೊಬೈಲ್ ನೆಟ್‌ವರ್ಕಿಗೆ ಜಾರಿಕೊಳ್ಳುತ್ತದೆ, ಗೊತ್ತೇ ಆಗಲ್ಲ. ಇಲ್ಲಿ ಜಾರಿಕೊಳ್ಳಲಿಕ್ಕೆ ಜಾಗವಿಲ್ಲ.

ಮನೆ ಹಳೇ ಕಾಲದ್ದು. ಜಂಬಿಟ್ಟಿಗೆ ಕಲ್ಲಿನ ಎರಡಡಿ ದಪ್ಪದ ಗೋಡೆ. ಮುಂದೆ ಜಗಲಿ, ಆಮೇಲೆ ನಡುಮನೆ, ಹಿಂದೆ ಅಡುಗೆಮನೆ, ಅದರಾಚೆ ಅಂಗಳ ದಾಟಿದರೆ ಅಡಿಕೆ ಸುಲಿಯುವ ಮನೆ. ಆರು ತಿಂಗಳ ಹಿಂದೆ ನಾನೇ ಬಂದು ವ್ಯವಸ್ಥೆ ಮಾಡಿಕೊಟ್ಟಿದ್ದೆ. ಫೈಬರ್ ಕಂಪನಿಯವರು ಕೊಟ್ಟ ಡಬ್ಬಿ ಜಗಲಿಯಲ್ಲಿ. ಅಲ್ಲಿಂದ ವೈರ್ ಎಳೆದು ಅಡುಗೆಮನೆ ಬಾಗಿಲ ಮೇಲೊಂದು, ಅಡಿಕೆ ಮನೆಯಲ್ಲೊಂದು. ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ನಡೆಯುತ್ತಾ ಹೋದ ಹಾಗೆ ಫೋನು ತಾನೇ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ ಅಂತ ಅವತ್ತು ದೊಡ್ಡದಾಗಿ ಹೇಳಿ, ಕಡುಬು ತಿಂದು ಹೋಗಿದ್ದೆ.

ಈಗ ಅಡಿಕೆ ಸುಗ್ಗಿ. ಅಂಗಳದಲ್ಲಿ ಹಂಡೆ ಕುದಿಯುತ್ತಿತ್ತು, ಚೊಗರಿನ ವಾಸನೆ ರಸ್ತೆವರೆಗೂ ಬಂದಿತ್ತು. ಚಪ್ಪರದ ಮೇಲೆ ಬೇಯಿಸಿದ ಅಡಿಕೆ ಹರವಿದ್ದರು. ಚಿಕ್ಕಮ್ಮ ದಿನಕ್ಕೆ ನೂರು ಸಲ ಅಡುಗೆಮನೆಗೂ ಅಡಿಕೆ ಮನೆಗೂ ಓಡಾಡುವ ಕಾಲ. ಮಳೆಗಾಲದಲ್ಲಿ ಜಗಲಿಯಲ್ಲೇ ಕೂತು ಮಾತಾಡುತ್ತಿದ್ದರು, ತೊಂದರೆ ಕಂಡಿರಲಿಲ್ಲ ಅಷ್ಟೇ.

ಮೊದಲು ಚಿಕ್ಕಮ್ಮನ ಫೋನಿಗೆ ವೈಫೈ ಅಳೆಯುವ ಆಪ್ ಹಾಕಿದೆ. ಹೆಸರು ಒಂದೇ ಆದ್ದರಿಂದ ಫೋನು ಯಾವ ಡಬ್ಬಿ ಹಿಡಿದಿದೆ ಅಂತ ಮೇಲ್ನೋಟಕ್ಕೆ ತಿಳಿಯಲ್ಲ. ಬಿಎಸ್‌ಎಸ್‌ಐಡಿ ಅಂತ ಹನ್ನೆರಡು ಅಂಕಿ-ಅಕ್ಷರಗಳ ಗುರುತು ಇರುತ್ತದೆ, ಅದನ್ನು ನೋಡಬೇಕು. ಒಂದೊಂದು ಡಬ್ಬಿಯೂ ಎರಡು ತರಂಗಪಟ್ಟಿಗಳಲ್ಲಿ ವೈಫೈ ಬೀರುತ್ತದೆ, 2.4 ಗಿಗಾಹರ್ಟ್ಸ್‌ಗೆ ಒಂದು ಗುರುತು, 5 ಗಿಗಾಹರ್ಟ್ಸ್‌ಗೆ ಒಂದು. ಆರನ್ನೂ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಂಡೆ. ಮೊಮ್ಮಗ ಪುಟ್ಟನ ಕೈಗೆ ಫೋನು ಕೊಟ್ಟು, "ನಿಧಾನಕ್ಕೆ ನಡೀತಾ ಹೋಗು, ನಂಬರ್ ಕೂಗಿ ಹೇಳು" ಅಂದೆ. ನಾನು ಹಾಳೆ ಹಿಡಿದು ಹಿಂದೆ.

"ಮೈನಸ್ ನಲವತ್ತೈದು!" ಅದು ಜಗಲಿ. "ಮೈನಸ್ ಅರವತ್ತಾರು!" ನಡುಮನೆ. "ಮೈನಸ್ ಎಪ್ಪತ್ತೇಳು!" ಅಡುಗೆಮನೆ.

ಕವಳ ಹಾಕುತ್ತಾ ಕೂತಿದ್ದ ಚಿಕ್ಕಪ್ಪ ಕೇಳಿದರು. "ಎಂತದಾ ಅದು, ನಂಬರ್ ಜಾಸ್ತಿ ಆದ್ರೆ ಒಳ್ಳೇದಾ?"

"ಇಲ್ಲ ಚಿಕ್ಕಪ್ಪ, ಮೈನಸ್ ಅದು. ಜಾಸ್ತಿ ಆದಷ್ಟೂ ಸಿಗ್ನಲ್ ಕಮ್ಮಿ."

"ಓ, ಸೊಸೈಟಿ ಸಾಲದ ಹಾಗೆ."

ನಾನು ಇಂಜಿನಿಯರ್ ಹುಡುಗರಿಗೆ ಸಿಗ್ನಲ್ ಅಳೆಯುವ ಈ ಮೈನಸ್ ಲೆಕ್ಕ, ಡಿಬಿಎಂ, ಅಂದರೇನು ಅಂತ ಅರ್ಧ ಗಂಟೆ ಹೇಳಿದ್ದಿದೆ. ಇಷ್ಟು ಚೊಕ್ಕವಾಗಿ ಹೇಳಲು ಬಂದಿರಲಿಲ್ಲ.

ಅಡುಗೆಮನೆಯಲ್ಲಿ ಪುಟ್ಟ ನಿಂತಿದ್ದು ಎರಡನೇ ಡಬ್ಬಿಯ ನೇರ ಕೆಳಗೆ. ಆಪ್ ಪಟ್ಟಿಯಲ್ಲಿ ಆ ಡಬ್ಬಿ ಮೈನಸ್ 48 ತೋರಿಸುತ್ತಿದೆ. ಫೋನು ಮಾತ್ರ ಜಗಲಿಯ ಡಬ್ಬಿಯನ್ನೇ ಮೈನಸ್ 77ರಲ್ಲಿ ಅವುಚಿಕೊಂಡಿದೆ! ತಲೆ ಮೇಲೆ ದೀಪ ಉರಿಯುತ್ತಿರುವಾಗ ಜಗಲಿಯ ಬೆಳಕಲ್ಲಿ ಪೇಪರ್ ಓದಿದ ಹಾಗೆ. ಇನ್ನೊಂದು ಡಬ್ಬಿ ಹಾಕಿ ಪ್ರಯೋಜನವಿಲ್ಲ ಅಂತ ಆಗಲೇ ಗೊತ್ತಾಯಿತು. ಇದ್ದಿದ್ದನ್ನೇ ಹಿಡಿಯುತ್ತಿಲ್ಲವಲ್ಲ.

ಅಂಗಳಕ್ಕಿಳಿದು ಅಡಿಕೆ ಮನೆ ಹತ್ತಿರ ಹೋದಾಗ ಮೈನಸ್ 80 ದಾಟಿತು. ಆಗ ಬಿಟ್ಟಿತು. ಅಡಿಕೆ ಮನೆ ಡಬ್ಬಿಯನ್ನು ಹಿಡಿಯಿತು. ಗೆರೆಗಳೆಲ್ಲ ತುಂಬಿದವು. ನೆಟ್ ಇಲ್ಲ.

ಗೆರೆ ತುಂಬಿ ನೆಟ್ ಇಲ್ಲ ಅಂದರೆ ಬೇರೆಯೇ ಕಾಯಿಲೆ. ಫೋನಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಮನೆ ನಂಬರು, ನೋಡಿದೆ. ಜಗಲಿಯಲ್ಲಿ 192.168.1 ಅಂತ ಶುರುವಾಗಿದ್ದದ್ದು ಇಲ್ಲಿ 192.168.0 ಆಗಿದೆ. ಮುಖ ಬಿಸಿಯಾಯಿತು. ತಪ್ಪು ನನ್ನದೇ. ಆವತ್ತು ಹೊರಡುವ ಗಡಿಬಿಡಿಯಲ್ಲಿ ಮೂರನೇ ಡಬ್ಬಿಯನ್ನು ರೂಟರ್ ಆಗಿಯೇ ಬಿಟ್ಟು ಬಂದಿದ್ದೆ. ಅದು ತನ್ನದೇ ಬೇರೆ ಸಂಸಾರ ಹೂಡಿ, ತಾನೇ ವಿಳಾಸ ಹಂಚುತ್ತಿತ್ತು. ಮಾತಿನ ಮಧ್ಯೆ ವಿಳಾಸ ಬದಲಾದರೆ ಕರೆ ಕಡಿಯುವುದೂ ಉಂಟು. ಹೆಸರು ಒಂದೇ ಇದ್ದದ್ದರಿಂದ ಫೋನಿಗೂ ಗೊಂದಲ, ಕೆಲವು ಸಲ ಹಳೇ ವಿಳಾಸ ಹಿಡಿದುಕೊಂಡೇ ಒದ್ದಾಡುತ್ತದೆ. ಡಬ್ಬಿಯನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿದೆ. ಅದರ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ನಿಂತಿತು. ವಿಳಾಸ ಕೊಡುವ ಯಜಮಾನಿಕೆ ಜಗಲಿಯ ಡಬ್ಬಿಗೊಂದಕ್ಕೇ ಉಳಿಯಿತು. ಹತ್ತು ನಿಮಿಷದ ಕೆಲಸ. ಆರು ತಿಂಗಳಿಂದ ಇದು ಹೀಗೇ ಇತ್ತು ಅಂತ ಚಿಕ್ಕಮ್ಮನಿಗೆ ನಾನು ಬಿಡಿಸಿ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅವರು ಓದುವುದಿಲ್ಲ ಅನ್ನುವ ಧೈರ್ಯದಲ್ಲಿ.

ಉಳಿದದ್ದು ಅಡುಗೆಮನೆಯ ಕಥೆ. ಊಟಕ್ಕೆ ಕೂತಾಗ ಚಿಕ್ಕಮ್ಮ ಕೇಳಿದರು, "ಹತ್ರ ಇರೋದನ್ನ ಬಿಟ್ಟು ದೂರದ್ದನ್ನ ಯಾಕೆ ಹಿಡೀತದೆ ಅದು? ಆ ಡಬ್ಬಿ ಎಳ್ಕೊಳ್ಳಲ್ವಾ?"

ಎಳೆದುಕೊಳ್ಳಲ್ಲ. ಬಹಳ ಜನಕ್ಕೆ ಇರುವ ತಪ್ಪು ತಿಳುವಳಿಕೆ ಇದೇ. ಮೊಬೈಲ್ ಟವರುಗಳ ವಿಷಯದಲ್ಲಿ ಮಾತಾಡುತ್ತಿರುವ ಫೋನನ್ನು ಯಾವ ಟವರಿಗೆ ದಾಟಿಸಬೇಕು ಅಂತ ನೆಟ್‌ವರ್ಕೇ ತೀರ್ಮಾನ ಮಾಡುತ್ತದೆ. ವೈಫೈಯಲ್ಲಿ ಹಾಗಲ್ಲ, ತೀರ್ಮಾನ ಫೋನಿನದು. ಒಬ್ಬೊಬ್ಬ ತಯಾರಕರದು ಒಂದೊಂದು ಲೆಕ್ಕ. ಐಫೋನುಗಳ ಲೆಕ್ಕವನ್ನು ಆಪಲ್ ಬರೆದೇ ಇಟ್ಟಿದೆ: ಸಿಗ್ನಲ್ ಮೈನಸ್ 70ಕ್ಕಿಂತ ಕೆಳಗಿಳಿದರೆ ಮಾತ್ರ ಬೇರೆ ಡಬ್ಬಿ ಹುಡುಕುತ್ತದೆ, ಡೇಟಾ ಓಡುತ್ತಿದ್ದರೆ ಹೊಸದು ಹಳೆಯದಕ್ಕಿಂತ 8 ಡೆಸಿಬಲ್ ಜಾಸ್ತಿ ಇರಬೇಕು, ಸುಮ್ನೆ ಇದ್ದರೆ 12. ಚಿಕ್ಕಮ್ಮನದು ಬೇರೆ ಕಂಪನಿಯ ಫೋನು, ಇನ್ನೂ ಹಟಮಾರಿ. ಮೈನಸ್ 80ರವರೆಗೂ ಹಿಡಿದಿದ್ದು ಬಿಡಲ್ಲ.

ಇಷ್ಟನ್ನೂ ಹೇಳಿದ ಮೇಲೆ ಚಿಕ್ಕಪ್ಪ, "ನಮ್ಮ ಗೌರಿ ಹಾಗೇ ಮಾಡ್ತಿತ್ತು" ಅಂದರು. ಗೌರಿ ಅಂದರೆ ಹಸು. ಹೋದ ವರ್ಷ ಹೊಸ ಕೊಟ್ಟಿಗೆ ಕಟ್ಟಿಸಿದರೂ ಮೇದು ಬಂದಿದ್ದೇ ಹಳೇ ಕೊಟ್ಟಿಗೆಗೆ ನುಗ್ಗುತ್ತಿತ್ತಂತೆ. ನಾನು ಅಪ್ಪೆಮಿಡಿ ಉಪ್ಪಿನಕಾಯಿಯ ಮೇಲೆ ಗಮನ ಇಟ್ಟಿದ್ದೆ. ಆಮೇಲೇನಾಯಿತು ಅಂತ ಕೇಳಲಿಲ್ಲ. ಕೇಳಿದ್ದರೆ ಎರಡು ತಾಸು ಉಳಿಯುತ್ತಿತ್ತು.

ಊಟ ಆದ ಮೇಲೆ ನನ್ನ ಬುದ್ಧಿವಂತಿಕೆ ಶುರುವಾಯಿತು. ನಾನು ಹಾಕಿದ ಡಬ್ಬಿಗಳಲ್ಲಿ, ಸಿಗ್ನಲ್ ಇಷ್ಟಕ್ಕಿಂತ ಕಮ್ಮಿಯಾದ ಫೋನನ್ನು ಹೊರಗೆ ದಬ್ಬುವ ಸೌಲಭ್ಯ ಇದೆ. ನೋಡಿದರೆ ಜಗಲಿಯ ಫೈಬರ್ ಡಬ್ಬಿಯ ಒಂದು ಮೂಲೆಯಲ್ಲೂ ಅದೇ ಆಯ್ಕೆ ಇತ್ತು. ಮೈನಸ್ 75 ಅಂತ ಹಾಕಿದೆ. ಪುಟ್ಟ ಅಡುಗೆಮನೆಗೆ ಹೋದ. ಜಗಲಿ ಡಬ್ಬಿ ಫೋನನ್ನು ದಬ್ಬಿತು. ಫೋನು ಒಂದು ಸೆಕೆಂಡ್ ಕಂಗಾಲಾಗಿ, ತಿರುಗಿ ಅದೇ ಜಗಲಿ ಡಬ್ಬಿಯ ಬಾಗಿಲು ತಟ್ಟಿತು. ಮತ್ತೆ ದಬ್ಬಿತು, ಮತ್ತೆ ತಟ್ಟಿತು. ಮೊದಲು ಮಾತು ಒಡೆದು ಕೇಳುತ್ತಿತ್ತು, ಈಗ ಕರೆಯೇ ಬೀಳತೊಡಗಿತು. ತೆಗೆದೆ.

ಆಮೇಲೆ 802.11ಆರ್. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೋಗುವಾಗ ಗುರುತು ಪರಿಚಯ ಎಲ್ಲ ಮೊದಲಿಂದ ಆಗಬೇಕಾಗಿಲ್ಲ, ಬೇಗ ದಾಟಬಹುದು ಅನ್ನುವ ಏರ್ಪಾಡು. 2008ರದ್ದು. ದಾಟುವುದನ್ನು ಬೇಗ ಮಾಡುತ್ತದೆ, ದಾಟು ಅಂತ ಹೇಳುವುದಿಲ್ಲ. ಅದು ಗೊತ್ತಿದ್ದೂ ಒಂದು ಆಸೆಗೆ ನನ್ನ ಎರಡೂ ಡಬ್ಬಿಗಳಲ್ಲಿ ಹಾಕಿದೆ. ಐದು ನಿಮಿಷಕ್ಕೆ ಚಿಕ್ಕಪ್ಪನ ದನಿ ಏರಿತು. ಚಪ್ಪರದ ಅಡಿಕೆ ಕಾಯಲಿಕ್ಕೆ ಹಾಕಿದ್ದ ಕ್ಯಾಮೆರಾ ಕಾಣುತ್ತಿಲ್ಲ!

ಅಡಿಕೆಗೆ ರೇಟು ಇರುವ ಕಾಲದಲ್ಲಿ ಚಪ್ಪರದ ಕ್ಯಾಮೆರಾ ಹೋಯಿತು ಅಂದರೆ ಮನೆಯಲ್ಲಿ ಗಲಾಟೆಯೇ. ಕಾರಣ ಸರಳ. ಹಳೇ ಕ್ಯಾಮೆರಾ, ಪ್ರಿಂಟರ್ ಥರದ ಕೆಲವು ಸಾಮಾನುಗಳಿಗೆ ಈ ಆರ್ ಅರ್ಥವಾಗಲ್ಲ, ಆ ಹೆಸರಿನ ವೈಫೈಗೆ ಸೇರುವುದನ್ನೇ ಬಿಡುತ್ತವೆ. ಆರ್ ತೆಗೆದೆ, ಕ್ಯಾಮೆರಾ ಬಂತು. ಅದರ ಅಣ್ಣ-ತಮ್ಮಂದಿರಾದ ಕೆ ಮತ್ತು ವಿ ಎರಡನ್ನು ಹಾಗೇ ಇಟ್ಟೆ. ಅಕ್ಕಪಕ್ಕ ಯಾವ ಡಬ್ಬಿ ಇದೆ ಅಂತ ಕೆ ಪಟ್ಟಿ ಕೊಡುತ್ತದೆ, ಅಲ್ಲಿಗೆ ಹೋಗಬಹುದು ಅಂತ ವಿ ಸಲಹೆ ಕೊಡುತ್ತದೆ. ಕೇಳುವುದು ಬಿಡುವುದು ಫೋನಿಗೆ ಬಿಟ್ಟದ್ದು. ಜಗಲಿಯದು ಬೇರೆ ಕಂಪನಿಯ ಡಬ್ಬಿ, ನನ್ನ ಡಬ್ಬಿಗಳ ಜತೆ ಅದಕ್ಕೆ ಮಾತೇ ಇಲ್ಲ.

ನಾಲ್ಕು ಗಂಟೆ. ಕಾಫಿ ಬಂತು. ಚಿಕ್ಕಪ್ಪ ಇನ್ನೂ ಕ್ಯಾಮೆರಾದ ಸಿಟ್ಟಲ್ಲೇ ಇದ್ದರು. ಸಮಾಧಾನ ಮಾಡಲು ಹಸುವಿನ ವಿಷಯ ತೆಗೆದೆ. "ಗೌರಿ ಕಡೆಗೆ ಹೊಸ ಕೊಟ್ಟಿಗೆಗೆ ಹೋಯ್ತಾ?"

"ಮೊದಲು ಹೊಡೆದು ಓಡಿಸ್ದೆ. ಹಿತ್ತಲಿಂದ ಸುತ್ತಿ ಮತ್ತೆ ಅಲ್ಲಿಗೇ ಬರ್ತಿತ್ತು. ಆಮೇಲೆ ಹಳೇ ಗೋದಲೀಲಿ ಹುಲ್ಲು ಹಾಕೋದು ಕಮ್ಮಿ ಮಾಡ್ದೆ. ತಾನೇ ಹೋತು."

ಕಾಫಿ ಲೋಟ ಕೆಳಗಿಟ್ಟೆ. ಬೆಳಗ್ಗೆ ಚಿಕ್ಕಮ್ಮ ಹೇಳಿದ್ದು ಆಗ ಕಿವಿಗೆ ಬಿತ್ತು. ಅವರ ಮಾತು ನಂಗೆ ಕೇಳ್ತದೆ, ನನ್ನ ಮಾತು ಅವರಿಗೆ ಕೇಳಲ್ಲ. ಜಗಲಿಯ ಡಬ್ಬಿ ಪೂರ್ತಿ ಶಕ್ತಿಯಲ್ಲಿ ಕೂಗುತ್ತಿದೆ. ಎರಡು ಗೋಡೆ ದಾಟಿಯೂ ಆ ಕೂಗು ಫೋನಿಗೆ ಕೇಳುತ್ತದೆ. ಕೇಳುತ್ತಿರುವವರೆಗೂ ಫೋನು ಅದನ್ನು ಬಿಡಲ್ಲ. ಆದರೆ ಬ್ಯಾಟರಿ ಮೇಲೆ ಬದುಕುವ ಫೋನಿನ ದನಿ ಸಣ್ಣದು, ಅದೇ ಎರಡು ಗೋಡೆ ದಾಟುವಷ್ಟರಲ್ಲಿ ಕರಗಿಹೋಗುತ್ತದೆ. ಡಬ್ಬಿಯ ಬಾಯಿ ದೊಡ್ಡದಾದಷ್ಟೂ ಈ ತೊಂದರೆ ಜಾಸ್ತಿ. ನಾನು ಇನ್ನೂ ಒಂದು ಬಾಯಿಯನ್ನು ಡಿಕ್ಕಿಯಲ್ಲಿ ಹೊತ್ತು ತಂದಿದ್ದೆ!

ಜಗಲಿ ಡಬ್ಬಿಯ ಸೆಟ್ಟಿಂಗಿನಲ್ಲಿ ಶಕ್ತಿ ನೂರು ಪರ್ಸೆಂಟ್ ಇತ್ತು. ಐವತ್ತಕ್ಕೆ ಇಳಿಸಿದೆ. ಅರ್ಧ ಮಾಡಿದರೆ ಬರೀ 3 ಡೆಸಿಬಲ್ ಇಳಿಯುತ್ತದೆ. ಅಡುಗೆಮನೆಯಲ್ಲಿ ಮೈನಸ್ 80. ಫೋನು ಅನುಮಾನ ಮಾಡುತ್ತಾ ನಿಂತಿತು, ಒಂದು ಸಲ ದಾಟಿತು, ಒಂದು ಸಲ ಇಲ್ಲ. ಇಪ್ಪತ್ತೈದಕ್ಕೆ ಇಳಿಸಿದೆ. ಇನ್ನೂ 3 ಹೋಯಿತು. ಅಡುಗೆಮನೆಯ ಡಬ್ಬಿಯನ್ನೂ ಪೂರ್ತಿಯಿಂದ ಮಧ್ಯಮಕ್ಕೆ ತಂದೆ, ಇಲ್ಲದಿದ್ದರೆ ಅಂಗಳದಲ್ಲಿ ಇದೇ ಜಗಳ ಮುಂದುವರಿಯುತ್ತಿತ್ತು. ಮೂರೂ 2.4ರಲ್ಲಿ ಒಂದೇ ಚಾನೆಲ್ ಮೇಲೆ ಕೂತಿದ್ದವು. ಒಂದರ ಮಾತಿಗೆ ಇನ್ನೊಂದು ಅಡ್ಡ ಬರದ ಹಾಗೆ ಅವನ್ನು 1, 6, 11 ಅಂತ ಬೇರೆ ಬೇರೆ ಮಾಡಿದೆ.

"ಪುಟ್ಟಾ, ಬಾರೋ" ಅಂದರೆ ಅವನಿಗೆ ಸಾಕಾಗಿತ್ತು. ಕೊನೆಗೆ ಚಿಕ್ಕಮ್ಮನೇ ನಡೆದರು, ಅಮೆರಿಕಾದ ಮಗನಿಗೆ ವಿಡಿಯೋ ಕಾಲ್ ಹಚ್ಚಿಕೊಂಡು. ಅಲ್ಲಿ ಬೆಳಗಿನ ಜಾವ, ಪಾಪ. ನಾನು ಲ್ಯಾಪ್‌ಟಾಪಿನಲ್ಲಿ ಡಬ್ಬಿಗಳ ಪಟ್ಟಿ ತೆರೆದು ಕೂತೆ. ಚಿಕ್ಕಮ್ಮ ನಡುಮನೆಯ ಹೊಸಿಲು ದಾಟಿದರು. ಎರಡು ಹೆಜ್ಜೆ. ಅಡುಗೆಮನೆ ಡಬ್ಬಿಯ ಪಟ್ಟಿಯಲ್ಲಿ ಅವರ ಫೋನು ಮೂಡಿತು. ಒಳಗಿಂದ ಮಾತು ನಿಲ್ಲಲೇ ಇಲ್ಲ. "ಚೊಗರು ಈ ಸಲ ದಪ್ಪ ಬಂದಿದೆ, ತೋರಿಸ್ತೀನಿ ತಡಿ." ಅಂಗಳ. ಹಂಡೆಯ ಹೊಗೆ. ಅಡಿಕೆ ಮನೆಯ ಡಬ್ಬಿಗೆ ಫೋನು ಹೋಯಿತು. ವಿಳಾಸ ಅದೇ 192.168.1. ಒಂದು ಅರೆಕ್ಷಣ ಚಿತ್ರ ನಿಂತು ಮುಂದೆ ಹೋಯಿತಂತೆ, ಅಷ್ಟೇ.

ಚಿಕ್ಕಪ್ಪನ ಹಳೇ ಫೋನು ಮಾತ್ರ ಬಗ್ಗಲಿಲ್ಲ. ಅಡುಗೆಮನೆಗೆ ಹೋದರೂ ಜಗಲಿಯನ್ನೇ ಹಿಡಿದಿರುತ್ತದೆ. ವೈಫೈ ಒಂದು ಸಲ ಆಫ್ ಮಾಡಿ ಆನ್ ಮಾಡಿ ಅಂತ ಹೇಳಿಕೊಟ್ಟೆ. "ನಾನ್ಯಾಕೆ ಅಡುಗೆಮನೆಗೆ ಹೋಗ್ಲಿ" ಅಂದರು.

ಹೊರಡುವಾಗ ಕತ್ತಲಾಗಿತ್ತು. ಅಡಿಕೆ ಮನೆಯಲ್ಲಿ ಲೈಟು ಹಾಕಿ ಸುಲಿಯಲು ಕೂತಿದ್ದರು, ಮೆಟ್ಟುಗತ್ತಿಯ ಸದ್ದು ಒಂದೇ ಸಮನೆ. ಚಿಕ್ಕಮ್ಮ ಅಪ್ಪೆಮಿಡಿಯ ಭರಣಿಯೊಂದನ್ನು ಡಿಕ್ಕಿಯಲ್ಲಿಡಲು ಹೋಗಿ, ಅಲ್ಲಿದ್ದ ಹೊಸ ಡಬ್ಬಿ ನೋಡಿದರು. "ಇದೆಂತಕೆ ತಂದಿದ್ದು?" ಅಂದರು. ಅಂಗಡಿಗೆ ವಾಪಸ್ ಕೊಡಲಿಕ್ಕೆ ಅಂದೆ.